ಓ ಎಂದರೆ ಮೊಮ್ಮಗ

2011ರ ಮಾರ್ಚ್ 2, ಬುಧವಾರ. ಆಗಿನ್ನೂ ನಮ್ಮೂರಿನ ಹೆಸರು ಸರ್ಕಾರಿ ಕಾಗದಗಳಲ್ಲಿ ಗುಲ್ಬರ್ಗಾ ಎಂದೇ ಇತ್ತು. ಶಾಲೆಯ ಕೆಲಸ ಮುಗಿಸಿಕೊಂಡು ಅಣ್ಣನ ಮನೆಗೆ ಹೋಗಿದ್ದೆ. ಟಿ.ವಿ.ಯಲ್ಲಿ ವಿಶ್ವಕಪ್ ಪಂದ್ಯ ನಡೆದಿತ್ತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ಮತ್ತು ಐರ್ಲೆಂಡ್. ಇಂಗ್ಲೆಂಡ್ 327 ರನ್ ಹೊಡೆದಿತ್ತು. ಐರ್ಲೆಂಡಿನವರು ಮೊದಲ ಎಸೆತಕ್ಕೇ ನಾಯಕನನ್ನು ಕಳೆದುಕೊಂಡು, 111 ರನ್‌ಗೆ ಐದು ವಿಕೆಟ್ ಒಪ್ಪಿಸಿ ಕುಳಿತಿದ್ದರು. ಅಣ್ಣ "ಇನ್ನೇನು ಉಳಿಯಿತು" ಎನ್ನುತ್ತ ಟಿ.ವಿ. ಆರಿಸಲು ಎದ್ದ. ಅವನ ಮಗ ಅಪ್ಪು ಬಿಡಲಿಲ್ಲ. ಏಳನೇ ತರಗತಿಯ ಹುಡುಗ, ಪರೀಕ್ಷೆ ಹತ್ತಿರ ಬಂದಿತ್ತು, ತೊಡೆಯ ಮೇಲೆ ಕನ್ನಡ ನೋಟುಬುಕ್ಕು ತೆರೆದೇ ಇತ್ತು.

ಕೂದಲಿಗೆ ಗುಲಾಬಿ ಬಣ್ಣ ಹಚ್ಚಿಕೊಂಡಿದ್ದ ಒಬ್ಬ ಆಟಗಾರ ಆಮೇಲೆ ಮಾಡಿದ್ದನ್ನು ಕ್ರಿಕೆಟ್ ನೋಡುವವರೆಲ್ಲ ಬಲ್ಲರು. ಐವತ್ತು ಎಸೆತಗಳಲ್ಲಿ ನೂರು ರನ್. ವಿಶ್ವಕಪ್ಪಿನಲ್ಲಿ ಅಲ್ಲಿಯವರೆಗೆ ಅಷ್ಟು ವೇಗದ ಶತಕ ಯಾರೂ ಬಾರಿಸಿರಲಿಲ್ಲ. ಆ ದಾಖಲೆ ಮುರಿಯಲು 2023ರವರೆಗೆ ಕಾಯಬೇಕಾಯಿತು. 63 ಎಸೆತಗಳಲ್ಲಿ 113 ರನ್ ಮಾಡಿ ಅವನು ಓಟದಲ್ಲಿ ಔಟಾದ. ಐದು ಎಸೆತ ಬಾಕಿ ಇರುವಾಗ ಐರ್ಲೆಂಡ್ ಗೆದ್ದಿತು. ಕೂದಲಿನ ಬಣ್ಣ ಐರ್ಲೆಂಡಿನ ಕ್ಯಾನ್ಸರ್ ಸಂಸ್ಥೆಗೆ ಹಣ ಕೂಡಿಸಲು ಹಚ್ಚಿಕೊಂಡದ್ದು ಎಂದು ಮರುದಿನ ಪತ್ರಿಕೆಯಲ್ಲಿ ಓದಿದೆ.

ಅವನು ಕೆವಿನ್ ಓಬ್ರಿಯನ್. ಅದೇ ತಂಡದಲ್ಲಿ ಅವನ ಅಣ್ಣ ನಿಯಾಲ್ ಓಬ್ರಿಯನ್ ಕೂಡ ಇದ್ದ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬಂದಾಗ ಅಪ್ಪು ಕಣ್ಣು ಕಿರಿದು ಮಾಡಿ ನೋಡಿದ. ಓ, ಅದರ ನೆತ್ತಿಯ ಪಕ್ಕ ಒಂದು ಚಿಕ್ಕ ಗೀರು, ಆಮೇಲೆ ಬ್ರಿಯನ್.

"ಅತ್ತೆ, ಇವನ ಇನಿಷಿಯಲ್ ಓ, ಇವನ ಅಣ್ಣನದೂ ಓ. ಹಾಗಾದರೆ ಇವರ ಅಪ್ಪನ ಹೆಸರು ಓ ಅಕ್ಷರದಿಂದ ಶುರುವಾಗುತ್ತದೆಯೇ?"

ನಾನು ಸರ್ಕಾರಿ ಪ್ರೌಢಶಾಲೆಯೊಂದರ ಗುಮಾಸ್ತೆ. ದಾಖಲಾತಿ ವಹಿಯಲ್ಲಿ ಸಾವಿರಾರು ಮಕ್ಕಳ ಹೆಸರು, ತಂದೆಯ ಹೆಸರು, ಅಡ್ಡಹೆಸರು ಬರೆದ ಕೈ ನನ್ನದು. ಇನಿಷಿಯಲ್ಲಿನ ವಿಷಯದಲ್ಲಿ ಆ ಮನೆಯಲ್ಲಿ ನಾನೇ ತಿಳಿದವಳು. "ಇರಬೇಕು" ಎಂದೆ. ಎಂದ ಮೇಲೆ ಅದು ಮನಸ್ಸಿನಲ್ಲೇ ಉಳಿಯಿತು. ಹೆಸರಿನ ವಿಷಯದಲ್ಲಿ ಊಹಿಸಿ ಹೇಳುವುದು ನನಗೆ ಒಗ್ಗದ ಕೆಲಸ. ಅದರ ಬೆನ್ನು ಹತ್ತಿ ಹೋದವಳಿಗೆ ಇಷ್ಟು ವರ್ಷಗಳಾದರೂ ಅದು ಬಿಟ್ಟಿಲ್ಲ.

ಓ ಎಂಬುದು ಇನಿಷಿಯಲ್ ಅಲ್ಲ. ಅದು ಐರಿಷ್ ಭಾಷೆಯ ಒಂದು ಇಡೀ ಪದ. ಹಳೆಯ ರೂಪ 'ಉಅ'. ಅರ್ಥ: ಮೊಮ್ಮಗ, ವಿಸ್ತರಿಸಿದರೆ ವಂಶದವನು. 'ಮ್ಯಾಕ್' ಎಂದರೆ ಮಗ. ಓ ಬ್ರಿಯನ್ ಎಂದರೆ ಬ್ರಿಯನ್ನನ ಮೊಮ್ಮಗ.

ಇದನ್ನು ತಿಳಿದ ದಿನ ನಾನು ಅಣ್ಣನ ಮನೆಗೆ ಫೋನು ಮಾಡಿ ಅಪ್ಪುವಿಗೆ ಹೇಳಿದೆ. ಅವನಿಗೆ ಆದ ಖುಷಿಗೆ ಕಾರಣವಿತ್ತು. ನಮ್ಮ ಅಪ್ಪ ತೀರಿಕೊಂಡ ವರ್ಷವೇ ಹುಟ್ಟಿದ ಹುಡುಗ ಅವನು. ಅಜ್ಜನ ಹೆಸರನ್ನೇ ಅವನಿಗೆ ಇಟ್ಟಿದ್ದೇವೆ. ನಮ್ಮ ಕಡೆ ಇದು ನಡೆದುಬಂದ ರೂಢಿ. ಅತ್ತಿಗೆ ಈವರೆಗೂ ಮಗನನ್ನು ಆ ಹೆಸರಿನಿಂದ ಕರೆದಿಲ್ಲ, ಅದು ಮಾವನ ಹೆಸರು. ಶಾಲೆಯ ಅರ್ಜಿಯಲ್ಲಿ ಬರೆಯುವಾಗಲೂ ತುಟಿ ಅಲುಗಿಸದೆ ಬರೆಯುತ್ತಾರೆ. ಆದ್ದರಿಂದಲೇ ಅವನು ಮನೆಯಲ್ಲಿ ಅಪ್ಪು. ಸಿಟ್ಟಿನಲ್ಲಿ ಹುಡುಗನನ್ನು ಪೂರ್ತಿ ಹೆಸರು ಹಿಡಿದು ಬೈಯಲು ನಮ್ಮಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. "ಹಾಗಾದರೆ ನಾನೂ ಓ" ಎಂದ ಅಪ್ಪು. ಹೌದು, ನೀನೂ ಓ ಎಂದೆ.

ಯಾವ ಅಜ್ಜನ ಹೆಸರು ಇಷ್ಟು ಜನರ ಬೆನ್ನಿಗೆ ಬಂದಿತು? ಬ್ರಿಯನ್ ಬೊರು. ಹತ್ತನೇ ಶತಮಾನದ ನಡುವಿನಲ್ಲಿ ಐರ್ಲೆಂಡಿನ ಪಶ್ಚಿಮಕ್ಕೆ, ಶಾನನ್ ನದಿಯ ದಂಡೆಯ ಕಿಲ್ಲಲೂ ಎಂಬ ಊರಿನ ಬಳಿ, ಡಾಲ್ ಗಾಶ್ ಎಂಬ ಚಿಕ್ಕ ಕುಲದಲ್ಲಿ ಹುಟ್ಟಿದವನು. ಕುಲದ ಮುಖ್ಯಸ್ಥನಾಗಿದ್ದ ಅಣ್ಣನನ್ನು 976ರಲ್ಲಿ ವೈರಿಗಳು ಕೊಂದ ಮೇಲೆ ಇವನು ಪಟ್ಟಕ್ಕೆ ಬಂದ. ಮೊದಲು ಮನ್‌ಸ್ಟರ್ ಪ್ರಾಂತ್ಯವನ್ನು ಕೈಗೆ ತೆಗೆದುಕೊಂಡು, 1002ರ ಹೊತ್ತಿಗೆ ಇಡೀ ಐರ್ಲೆಂಡಿನ ದೊರೆಗಳ ದೊರೆಯೆನಿಸಿದ. ಬೊರು ಎಂಬುದು ಅವನ ಬಿರುದು. ದನಗಳ ರೂಪದಲ್ಲಿ ವಸೂಲು ಮಾಡುತ್ತಿದ್ದ ಕಪ್ಪಕ್ಕೆ ಅಲ್ಲಿ 'ಬೋರುವ' ಎನ್ನುತ್ತಿದ್ದರು, ಅದರಿಂದ ಬಂದದ್ದು ಎಂದು ಕೆಲವರು. ಕಿಲ್ಲಲೂ ಬಳಿಯ ಒಂದು ಜಾಗದ ಹೆಸರಿನಿಂದ ಬಂದದ್ದು ಎಂದು ಕೆಲವರು. ದನಕರುಗಳೇ ಸಂಪತ್ತಾಗಿದ್ದ ನಾಡು ಅದು. 1014ರ ಏಪ್ರಿಲ್ 23, ಶುಭ ಶುಕ್ರವಾರ, ಡಬ್ಲಿನ್ ಪಕ್ಕದ ಕ್ಲಾಂಟಾರ್ಫ್ ಎಂಬಲ್ಲಿ ಡಬ್ಲಿನ್ನಿನ ನಾರ್ಸ್ ಜನ (ಉತ್ತರದ ಸಮುದ್ರದಾಚೆಯಿಂದ ಬಂದು ನೆಲೆಸಿದ ವೈಕಿಂಗರು) ಮತ್ತು ಲೆನ್‌ಸ್ಟರ್ ಪ್ರಾಂತ್ಯದವರ ಕೂಡುಪಡೆಯ ಎದುರು ಯುದ್ಧ ನಡೆಯಿತು. ಇವನ ಪಡೆ ಗೆದ್ದಿತು, ಇವನು ಸತ್ತ. ಎಪ್ಪತ್ತು ದಾಟಿದ ಮುದುಕ. ಅವನ ಮಗನೂ ಅದೇ ರಣದಲ್ಲಿ ಬಿದ್ದ.

ಅವನ ಮೊಮ್ಮಗ ತುರ್ಲಾ ಮುಂದೆ ಮನ್‌ಸ್ಟರಿನ ದೊರೆಯಾಗಿ 1086ರಲ್ಲಿ ತೀರಿಕೊಂಡ. 'ಓ ಬ್ರಿಯನ್' ಎಂದು ಕರೆಸಿಕೊಂಡವನು ಇವನು, ನಿಜವಾಗಿಯೂ ಬ್ರಿಯನ್ನನ ಮಗನ ಮಗ. ಅಲ್ಲಿಂದಾಚೆಗೆ ಅದು ಮೊಮ್ಮಗನ ಮಗನಿಗೂ ಮರಿಮಗನಿಗೂ ಹೀಗೆ ಮನೆತನಕ್ಕೇ ಅಂಟಿಕೊಂಡು ಅಡ್ಡಹೆಸರಾಯಿತು. ಯುರೋಪಿನಲ್ಲಿ ಇಷ್ಟು ಹಿಂದೆ ಅಡ್ಡಹೆಸರು ಕಟ್ಟಿಕೊಂಡ ನಾಡುಗಳು ಕಡಿಮೆ. ಇಂದು ಐರ್ಲೆಂಡಿನಲ್ಲಿ ಮರ್ಫಿ, ಕೆಲ್ಲಿ ಮೊದಲಾದವುಗಳ ಜೊತೆಗೆ ಅತಿ ಹೆಚ್ಚು ಜನ ಹೊತ್ತ ಹೆಸರುಗಳ ಮೊದಲ ಹತ್ತರೊಳಗೆ ಓಬ್ರಿಯನ್ ಬರುತ್ತದೆ.

ಆ ಗೀರಿನ ಸಂಗತಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಐರಿಷ್ ಬರವಣಿಗೆಯಲ್ಲಿ ಓ ಅಕ್ಷರದ ನೆತ್ತಿಯ ಮೇಲೆ ಒಂದು ಓರೆ ಗೆರೆ ಎಳೆಯುತ್ತಾರೆ. ಅದನ್ನು 'ಫಾಡ' ಎನ್ನುತ್ತಾರೆ, ಅಂದರೆ ಉದ್ದ. ನಮ್ಮ ಮಾತಿನಲ್ಲಿ ದೀರ್ಘ. ಒ ಹ್ರಸ್ವ, ಓ ದೀರ್ಘ ಎಂದು ಒಂದನೇ ತರಗತಿಯ ಮಗುವಿಗೆ ಕಲಿಸುವ ಅದೇ ದೀರ್ಘ. ಇಂಗ್ಲಿಷ್ ಬರೆಯುವ ಗುಮಾಸ್ತರ ಕೈಯಲ್ಲಿ ಆ ಗೆರೆ ಅಕ್ಷರದ ಮೇಲಿಂದ ಜಾರಿ ಪಕ್ಕಕ್ಕೆ ಬಿತ್ತು. ಅಕ್ಷರ ಬಿಟ್ಟುಹೋದಲ್ಲಿ ಇಂಗ್ಲಿಷಿನವರು ಹಾಕುವ ಚಿಹ್ನೆಯಾಗಿ ಅದು ಅಲ್ಲೇ ನಿಂತುಬಿಟ್ಟಿತು. ಅಲ್ಲಿ ಯಾವ ಅಕ್ಷರವೂ ಬಿಟ್ಟುಹೋಗಿಲ್ಲ. ಒಂದು ದೀರ್ಘ ಜಾಗ ತಪ್ಪಿದೆ, ಅಷ್ಟೇ. ಈಗ ಆ ಚಿಹ್ನೆಯನ್ನು ಎಷ್ಟೋ ಗಣಕಯಂತ್ರಗಳು ಒಪ್ಪುವುದಿಲ್ಲ. ಅರ್ಜಿ ತುಂಬುವ ಓಬ್ರಿಯನ್ನರು ಅದನ್ನೂ ಬಿಟ್ಟು ಬರೆಯಬೇಕಾಗುತ್ತದೆ. ನಾನೂ ಗಣಕಯಂತ್ರದಲ್ಲಿ ಮಕ್ಕಳ ಹೆಸರು ತುಂಬುವವಳೇ. ಒಂದು ಚಿಹ್ನೆ ಹಿಡಿಸದಿದ್ದರೆ ಒಂದು ಮನೆತನಕ್ಕೆ ಏನಾಗುತ್ತದೆ ಎಂದು ನನಗೆ ಗೊತ್ತು.

ಗೊತ್ತಾದದ್ದು 2016ರಲ್ಲಿ. ಅಪ್ಪುವಿನ ದ್ವಿತೀಯ ಪಿ.ಯು.ಸಿ. ಮುಗಿದಿತ್ತು. ಎಂಜಿನಿಯರಿಂಗ್ ಸೀಟಿಗೆ ಜಾತಿ ಪ್ರಮಾಣಪತ್ರ, ನಮ್ಮ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿಯ ಪ್ರಮಾಣಪತ್ರ, ಇವುಗಳಿಗಾಗಿ ಓಡಾಟ ನಡೆದಿತ್ತು. ಒಂದು ಕಚೇರಿಯಲ್ಲಿ ಅಜ್ಜನ ಶಾಲಾ ದಾಖಲೆಯನ್ನೂ ತನ್ನಿ ಎಂದರು. ಅಪ್ಪ ಓದಿದ್ದು ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯ ಶಾಲೆಯಲ್ಲಿ, ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಆಗ ಶಾಲೆಯ ವಹಿಯೆಲ್ಲ ಉರ್ದುವಿನಲ್ಲಿ. ಈಗಿನ ಮುಖ್ಯ ಗುರುಗಳು ಬಲು ಒಳ್ಳೆಯವರು, ಅಲಮಾರಿಯ ತಳದಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ವಹಿಯನ್ನು ತೆಗೆಸಿದರು. ಆದರೆ ಓದಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಸಾಲಿನ ಕ್ರಮಸಂಖ್ಯೆ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಕಲಬುರಗಿಗೆ ಬಂದೆ.

ಖಾಜಾ ಬಂದೇನವಾಜ್ ದರ್ಗಾದ ಹತ್ತಿರ ನಿವೃತ್ತ ಉರ್ದು ಶಿಕ್ಷಕರೊಬ್ಬರಿದ್ದರು. ಮೊದಲು ಚಹಾ ತರಿಸಿದರು. ಕನ್ನಡಕ ಹಣೆಗೇರಿಸಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದರು. ಕಂದಿದ ಕಾಗದ, ಕಂದು ಬಣ್ಣಕ್ಕೆ ತಿರುಗಿದ ಶಾಯಿ, ಅಂಚಿನಲ್ಲಿ ಗೆದ್ದಲು ತಿಂದ ಅರ್ಧಚಂದ್ರದಂಥ ತೂತು. ಬಲದಿಂದ ಎಡಕ್ಕೆ ಅವರ ತೋರುಬೆರಳು ಗಾಜಿನ ಮೇಲೆ ಮೆಲ್ಲಗೆ ಸರಿಯಿತು. ಅಪ್ಪನ ಹೆಸರು ಓದಿದರು. ಅಜ್ಜನ ಹೆಸರು ಓದಿದರು. ಆಮೇಲೆ ಬೆರಳು ನಿಂತಿತು.

"ನಜ್ಜಾರ್ ಎಂದಿದೆ ತಾಯಿ. ನಿಮ್ಮ ಅಡ್ಡಹೆಸರು ಏನು?"

"ಬಡಿಗೇರ."

ಅವರು ಕನ್ನಡಕ ಇಳಿಸಿ ನಕ್ಕರು. "ನಜ್ಜಾರ್ ಎಂದರೆ ಬಡಿಗನೇ. ಬರೆದ ಮಾಸ್ತರರು ತಪ್ಪು ಬರೆದಿಲ್ಲ. ನಿಮ್ಮ ಹೆಸರಿನ ಅರ್ಥ ತಿಳಿದುಕೊಂಡು ಬರೆದಿದ್ದಾರೆ."

ಅರ್ಥ ತಿಳಿದುಕೊಂಡು ಬರೆದರು, ನಿಜ. ಹೆಸರು ಮಾತ್ರ ಹೋಯಿತು. ಅಪ್ಪ ಬದುಕಿನಲ್ಲಿ ಒಮ್ಮೆಯೂ ತಾನು ನಜ್ಜಾರ್ ಎಂದು ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ಅಜ್ಜ ಊರಿನ ಆಯಗಾರ ಬಡಿಗ. ರೈತರ ಕೂರಿಗೆ, ಕುಂಟೆ, ಬಂಡಿಯ ಗಾಲಿ ಎಲ್ಲ ಅವನ ಕೈಯ ಕೆಲಸ. ರಾಶಿಯ ಕಾಲಕ್ಕೆ ಕಣಕ್ಕೆ ಹೋದರೆ ಜೋಳದ ಆಯ ಅಳೆದು ಕೊಡುತ್ತಿದ್ದರು. ಬಡಿಗೇರ ಎಂಬ ಹೆಸರಿನಲ್ಲಿ ಆ ಊರು, ಆ ಕಣ, ಆ ಜೋಳ ಎಲ್ಲ ಇದೆ. ಅಜ್ಜನ ಬಾಚಿ ಈಗಲೂ ಅಣ್ಣನ ಮನೆಯ ದೇವರ ಜಗಲಿಯ ಪಕ್ಕದಲ್ಲಿದೆ. ಹಿಡಿಕೆ ಹಿಡಿದರೆ ಹೆಬ್ಬೆರಳು ತಾನಾಗಿ ಒಂದು ತಗ್ಗಿಗೆ ಹೋಗಿ ಕೂರುತ್ತದೆ. ಅಜ್ಜನ ಹೆಬ್ಬೆರಳು ಸವೆಸಿದ ತಗ್ಗು ಅದು.

ಅದೇ ವಾರ ಚಿಕ್ಕಪ್ಪನ ಹೊಲದ ಹಳೆಯ ಕಾಗದ ತೆಗೆದು ನೋಡಿದರೆ ಅಲ್ಲಿ 'ಬಡಗೀರ' ಎಂದಿತ್ತು. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಪದದ ನಡುವೆ ಈ ಮತ್ತು ಏ ಎರಡಕ್ಕೂ ಒಂದೇ ಅಕ್ಷರ. ಉರ್ದುವಿನಿಂದ ಕನ್ನಡಕ್ಕೆ ಇಳಿಸಿದವರು ಕಂಡಂತೆ ಓದಿದ್ದರು. ಹೀಗೆ ಒಂದೇ ಮನೆ ಮೂರಾಯಿತು. ಕಚೇರಿಯ ಲೆಕ್ಕದಲ್ಲಿ ಮೂರು ಬೇರೆ ಮನುಷ್ಯರು. ನಜ್ಜಾರನೂ ಬಡಿಗೇರನೂ ಒಬ್ಬನೇ ವ್ಯಕ್ತಿ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ, ನೋಟರಿಯ ಮೊಹರು ಹಾಕಿಸಿ, ನಾಲ್ಕು ಸಲ ಅಲೆದ ಮೇಲೆ ಕೆಲಸವಾಯಿತು. ಸೀಟು ಸಿಕ್ಕಿತು. ಆದರೆ ಸತ್ತ ಅಪ್ಪ ಅಪ್ಪನೇ ಹೌದೆಂದು ಮಗಳು ಪ್ರಮಾಣ ಮಾಡಬೇಕಾಗಿ ಬಂದದ್ದು ನನಗೆ ಬಹಳ ನೋವು ಕೊಟ್ಟಿತು. ಈಗಲೂ ಅದನ್ನು ಬರೆಯುವಾಗ ಎದೆ ಭಾರವಾಗುತ್ತದೆ.

ಆ ದಿನಗಳಲ್ಲೇ ಐರ್ಲೆಂಡಿನ 1465ರ ಕಾನೂನೊಂದು ನನ್ನ ಕಣ್ಣಿಗೆ ಬಿದ್ದದ್ದು. ಡಬ್ಲಿನ್ ಸುತ್ತಲಿನ ನಾಲ್ಕು ಜಿಲ್ಲೆಗಳು ಆಗ ಇಂಗ್ಲಿಷರ ಹಿಡಿತದಲ್ಲಿದ್ದವು. ನಾಲ್ಕನೆಯ ಎಡ್ವರ್ಡ್ ದೊರೆಯ ಕಾಲದ ಆ ಕಾನೂನು, ಅಲ್ಲಿ ವಾಸಿಸುವ ಪ್ರತಿಯೊಬ್ಬ ಐರಿಷನೂ ಇಂಗ್ಲಿಷ್ ಅಡ್ಡಹೆಸರು ಇಟ್ಟುಕೊಳ್ಳಬೇಕು ಎಂದಿತು. ಯಾವುದಾದರೂ ಪಟ್ಟಣದ ಹೆಸರು, ಇಲ್ಲವೇ ಬಿಳಿ, ಕಪ್ಪು, ಕಂದು ಹೀಗೆ ಒಂದು ಬಣ್ಣ, ಇಲ್ಲವೇ ಒಂದು ಕಸುಬು, ಇಲ್ಲವೇ ಒಂದು ಹುದ್ದೆ. ಕಸುಬಿಗೆ ಉದಾಹರಣೆಯಾಗಿ ಕಾನೂನು ಎರಡನ್ನು ಹೆಸರಿಸಿತ್ತು: ಸ್ಮಿತ್, ಕಾರ್ಪೆಂಟರ್. ಕಂಬಾರ, ಬಡಿಗೇರ!

ನಾನು ಕುರ್ಚಿಯಿಂದ ಎದ್ದು ನಿಂತೆ. ಊರು, ಕಸುಬು, ಹುದ್ದೆ. ನಮ್ಮ ಜಿಲ್ಲೆಯ ಯಾವ ಶಾಲೆಯ ಹಾಜರಿ ಪುಸ್ತಕ ತೆಗೆದರೂ ಅಡ್ಡಹೆಸರುಗಳು ಈ ಮೂರು ಗುಂಪಿಗೇ ಹೆಚ್ಚಾಗಿ ಸೇರುತ್ತವೆ. ಚಿಂಚೋಳಿ, ಮಳಖೇಡ. ಕುಂಬಾರ, ಪತ್ತಾರ, ಹೂಗಾರ. ಪಾಟೀಲ, ಬಿರಾದಾರ, ಕುಲಕರ್ಣಿ, ಗುತ್ತೇದಾರ. ನಮ್ಮಲ್ಲಿ ಇವು ಯಾರ ಆಜ್ಞೆಯೂ ಇಲ್ಲದೆ ತಲೆಮಾರುಗಳ ಬಾಳಿನಿಂದ ಬೆಳೆದವು. ಅಲ್ಲಿ ಅಜ್ಜನ ಹೆಸರನ್ನು ಬಿಡಿಸಿ ಇವನ್ನು ಹೊರಿಸಲು ಹೊರಟರು. ಹೆಸರು ಒಂದೇ ಥರ ಕಂಡರೂ ಹುಟ್ಟಿದ ದಾರಿ ಬೇರೆ.

ಕಾನೂನು ಆ ನಾಲ್ಕು ಜಿಲ್ಲೆಗಳಾಚೆಗೆ ಹೆಚ್ಚು ನಡೆಯಲಿಲ್ಲ. ಆದರೆ ಮುಂದಿನ ಶತಮಾನಗಳಲ್ಲಿ ಐರಿಷ್ ಒಡೆತನ ಮುರಿದು, ಕಚೇರಿ, ಕೋರ್ಟು, ಕಂದಾಯ ಎಲ್ಲ ಇಂಗ್ಲಿಷಿಗೆ ಹೋದಾಗ ಕಾನೂನು ಮಾಡದ ಕೆಲಸವನ್ನು ವಹಿ ಮಾಡಿತು. ಕಮ್ಮಾರನ ಮಗ ಎಂಬರ್ಥದ ಮ್ಯಾಕ್ ಗೌನ್ ಮನೆತನದವರು ಕ್ಯಾವನ್ ಜಿಲ್ಲೆಯಲ್ಲಿ ಗುಂಪು ಗುಂಪಾಗಿ ಸ್ಮಿತ್ ಆದರು. ಬಡಿಗನ ಮಗ ಎಂಬ ಹೆಸರೂ ಇದೆ, 'ಮ್ಯಾಕ್ ಅನ್ ತೀರ್'. ಹದಿನೆಂಟನೆಯ ಶತಮಾನದಲ್ಲಿ ಡಬ್ಲಿನ್ನಿನ ಆರ್ಚ್‌ಬಿಷಪ್ ಆಗಿದ್ದವರೊಬ್ಬರು ಆ ಮನೆತನದವರು. ಇಂಗ್ಲಿಷಿನಲ್ಲಿ ಅವರು ಜಾನ್ ಕಾರ್ಪೆಂಟರ್. ನನ್ನ ಅಪ್ಪನಿಗೆ ಶಾಲೆಯ ವಹಿಯಲ್ಲಿ ಆದದ್ದೇ ಅವರಿಗೂ ಆಗಿತ್ತು. ಐರಿಷಿನಲ್ಲಿ ಮರಗೆಲಸದವನಿಗೂ ಕಲ್ಲುಗೆಲಸದವನಿಗೂ ಹೇಳುವ 'ಸೀರ್' ಎಂಬ ಪದಕ್ಕೆ ಇನ್ನೊಂದು ಅರ್ಥವಿದೆ, ಸ್ವತಂತ್ರ. ಕೈಕಸುಬಿನವನಿಗೂ ಸ್ವತಂತ್ರನಿಗೂ ಒಂದೇ ಮಾತು. ಕಾರ್ಪೆಂಟರ್ ಎಂದಾಗ ಆ ಎರಡನೆಯ ಅರ್ಥ ಎಲ್ಲಿ ಹೋಗಬೇಕು?

ಓಬ್ರಿಯನ್ನರದು ದೊರೆಗಳ ಮನೆತನ, ಅವರಿಗೆ ಬಂದ ಒತ್ತಡದ ಬಗೆಯೇ ಬೇರೆ. ಆ ಕುಲದ ಮುಖ್ಯಸ್ಥನನ್ನು ಬರೇ 'ಓ ಬ್ರಿಯನ್' ಎಂದು ಕರೆಯುತ್ತಿದ್ದರು, ನಾವು ಹೆಸರು ಹೇಳದೆ ಗೌಡರು ಎಂದಂತೆ. ಅವರಿಗೆ ಪರಂಪರೆಯ ವೈದ್ಯರಿದ್ದರು, ಹಿಕ್ಕಿ ಎಂಬ ಮನೆತನ. ಆ ಹೆಸರಿನ ಅರ್ಥವೇ ವೈದ್ಯ. ಕವಿಗಳ ಮನೆತನವೂ ಇತ್ತು. 1543ರಲ್ಲಿ ಮರೊ ಓಬ್ರಿಯನ್ ಇಂಗ್ಲೆಂಡಿನ ಎಂಟನೆಯ ಹೆನ್ರಿಗೆ ಶರಣಾಗಿ, ಹಳೆಯ ಪದವಿಯನ್ನು ಬಿಟ್ಟುಕೊಟ್ಟು, ಥೋಮಂಡಿನ ಅರ್ಲ್ ಎಂಬ ಹೊಸ ಪದವಿಯನ್ನೂ ತನ್ನದೇ ಭೂಮಿಯನ್ನೂ ಮರಳಿ ಪಡೆದ. ಭೂಮಿ ಉಳಿಯಿತು. ಬಡ ಓಬ್ರಿಯನ್ನರು ಮುಂದಿನ ಇನ್ನೂರು ವರ್ಷಗಳಲ್ಲಿ ಓ ಬಿಟ್ಟು ಬರೇ ಬ್ರಿಯನ್, ಬ್ರಯನ್ ಎಂದು ಬರೆಸಿಕೊಂಡರು. ಕೆಲಸ ಸಿಗಬೇಕಿತ್ತು, ಗೇಣಿ ಸಿಗಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ, 1893ರಲ್ಲಿ ಹುಟ್ಟಿದ ಗೇಲಿಕ್ ಲೀಗ್ ಭಾಷೆಯ ಅಭಿಮಾನ ಎಬ್ಬಿಸಿದಾಗ, ಜನ ಬಿಟ್ಟ ಓ ಅಕ್ಷರವನ್ನು ಮತ್ತೆ ಹುಡುಕಿ ಹಾಕಿಕೊಂಡರು. ಊರುಗಳೂ ಮರಳಿದವು. ಕಿಂಗ್ಸ್‌ಟೌನ್ ಎನ್ನುತ್ತಿದ್ದ ಬಂದರು 1920ರಲ್ಲಿ ಮತ್ತೆ ಡನ್ ಲೇರಿ ಆಯಿತು. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿ ಆದಾಗ ಶಾಲೆಯ ಮೊಹರನ್ನು ಹೊಸದಾಗಿ ಕೆತ್ತಿಸಿ ತಂದವಳು ನಾನು. ಮೊದಲ ಬಾರಿ ಒತ್ತಿ ನೋಡಿದಾಗಿನ ಆ ನೇರಳೆ ಅಕ್ಷರಗಳು ಇನ್ನೂ ಕಣ್ಣಿನಲ್ಲಿವೆ.

ಈ ಹೆಸರು ಹೊತ್ತವರಲ್ಲಿ ನನಗೆ ಬಹಳ ಹತ್ತಿರವಾದವರು ಇಬ್ಬರು. ಒಬ್ಬರು ವಿಲಿಯಂ ಸ್ಮಿತ್ ಓಬ್ರಿಯನ್. 1803ರಲ್ಲಿ ಕ್ಲೇರ್ ಜಿಲ್ಲೆಯ ಡ್ರೊಮೊಲಂಡ್ ಕೋಟೆಮನೆಯಲ್ಲಿ ಹುಟ್ಟಿದ ಸಿರಿವಂತ, ಬ್ರಿಯನ್ ದೊರೆಯ ವಂಶದವನು, ಲಂಡನ್ ಸಂಸತ್ತಿನ ಸದಸ್ಯ. ನಡುವಿನ ಸ್ಮಿತ್ ತಾಯಿಯ ತವರಿನ ಹೆಸರು. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಬಂದ ಬರದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಅದನ್ನು ಕಂಡು ಈತ ಬಂಡಾಯಕ್ಕೆ ಇಳಿದ. 1848ರ ಜುಲೈನಲ್ಲಿ ಟಿಪ್ಪರರಿ ಜಿಲ್ಲೆಯ ಬ್ಯಾಲಿಂಗ್ಯಾರಿ ಬಳಿ ಪೊಲೀಸರು ಒಬ್ಬ ವಿಧವೆಯ ಮನೆ ಹೊಕ್ಕು ಬಾಗಿಲು ಹಾಕಿಕೊಂಡರು. ಒಳಗೆ ಆಕೆಯ ಮಕ್ಕಳಿದ್ದರು. ಓಬ್ರಿಯನ್ ಆಯುಧ ಬಿಡಿಸಲು ಕಿಟಕಿಯವರೆಗೆ ನಡೆದು ಹೋಗಿ ಒಳಗಿನವರೊಡನೆ ಮಾತನಾಡಿದ. ಅಷ್ಟರಲ್ಲಿ ಗುಂಡು ಹಾರಿತು, ಬಂಡಾಯ ಅಲ್ಲಿಗೇ ಮುಗಿಯಿತು. ಬರದಲ್ಲಿ ಬಸವಳಿದ ಜನ ಹೋರಾಡಬಲ್ಲರೇ? ಅವನಿಗೆ ಮರಣದಂಡನೆಯಾಯಿತು, ಆಮೇಲೆ ಅದನ್ನು ಟಾಸ್ಮೇನಿಯಾಕ್ಕೆ ಗಡೀಪಾರು ಎಂದು ಬದಲಿಸಿದರು. 1854ರಲ್ಲಿ ಬಿಡುಗಡೆ, 1864ರಲ್ಲಿ ಸಾವು. ಸೋತ ಬಂಡಾಯವೆಂದು ಬಲ್ಲವರು ಹಗುರವಾಗಿ ಬರೆದಿದ್ದಾರೆ. ಆ ಕಿಟಕಿಯವರೆಗಿನ ನಡಿಗೆಯನ್ನು ನಾನು ಹಗುರವೆಂದು ಎಣಿಸಲಾರೆ.

ಇನ್ನೊಬ್ಬರು ಎಡ್ನಾ ಓಬ್ರಿಯನ್, ಕಾದಂಬರಿಕಾರ್ತಿ. ಇವರ ಹೆಸರಿನ ಬಗ್ಗೆ ಹೇಳುವ ಮೊದಲು ಹೆಣ್ಣುಮಕ್ಕಳ ವಿಷಯ ಹೇಳಬೇಕು. ಐರಿಷಿನಲ್ಲಿ ಓ ಗಂಡಿಗೆ ಮಾತ್ರ. ಹೆಣ್ಣು ಮೊಮ್ಮಗ ಆಗುವುದು ಹೇಗೆ? ಆ ಮನೆಯ ಮಗಳಿಗೆ 'ನೀ', ಸೊಸೆಗೆ 'ಈ'. ಓ ಬ್ರಿಯನ್ ಮನೆಯ ಮಗಳು ನೀ ವ್ರಿಯನ್. ಬ ಹೋಗಿ ವ ಬಂತು. ಇದನ್ನು ನಮ್ಮ ಶಾಲೆಯ ಕನ್ನಡ ಮೇಡಂ ಅವರಿಗೆ ತೋರಿಸಿದಾಗ, ಕಡು ಮತ್ತು ಬೆಳ್ಪು ಸೇರಿ ಕಡುವೆಳ್ಪು ಆಗುವುದಿಲ್ಲವೇ, ಹಾಗೆಯೇ ಎಂದರು. ಹೆಸರು ಕೇಳಿದ ಕೂಡಲೇ ಇವಳು ಮಗಳೋ ಸೊಸೆಯೋ ತಿಳಿದುಹೋಗುತ್ತದೆ. ನನ್ನ ಸೇವಾ ಪುಸ್ತಕದಲ್ಲಿ ನಾನು ಬಡಿಗೇರ, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಹಾಗಿದೆ. ಪಡಿತರ ಚೀಟಿಯಲ್ಲಿ ಗಂಡನ ಮನೆಯ ಹೆಸರು. ಎರಡೂ ನಾನೇ. ಎರಡಕ್ಕೂ ಒಂದೊಂದು ಚಿಕ್ಕ ಪದ ಇದ್ದಿದ್ದರೆ ಎಷ್ಟು ಪ್ರಮಾಣಪತ್ರಗಳು ಉಳಿಯುತ್ತಿದ್ದವು ಎಂದು ಎಷ್ಟೋ ಸಲ ಅನ್ನಿಸಿದೆ.

ಎಡ್ನಾ 1930ರಲ್ಲಿ ಕ್ಲೇರ್ ಜಿಲ್ಲೆಯ ಟೂಮ್‌ಗ್ರೇನಿಯಲ್ಲಿ ಹುಟ್ಟಿದರು. 1954ರಲ್ಲಿ ಮದುವೆಯಾದದ್ದು ಒಬ್ಬ ಬರಹಗಾರನನ್ನು. ಆದರೆ ಪುಸ್ತಕದ ಮೇಲೆ ಹಾಕಿಕೊಂಡದ್ದು ತವರಿನ ಹೆಸರನ್ನೇ. 1960ರಲ್ಲಿ ಬಂದ ಮೊದಲ ಕಾದಂಬರಿ ಹಳ್ಳಿಯ ಹುಡುಗಿಯರ ಮನಸ್ಸನ್ನು ಬಿಚ್ಚಿ ಹೇಳಿತು ಎಂಬ ಕಾರಣಕ್ಕೆ ಐರ್ಲೆಂಡಿನಲ್ಲಿ ನಿಷೇಧವಾಯಿತು. ಹುಟ್ಟೂರಿನಲ್ಲೇ ಅದನ್ನು ಸುಟ್ಟರು. ಊರಿನ ಮಾನ ಕಳೆದಳು ಎಂದು ಬೈಸಿಕೊಂಡ ಹೆಂಗಸು ಬಾಳಿನ ಬಹುಭಾಗ ಲಂಡನ್ನಿನಲ್ಲಿದ್ದು, ಆ ಊರನ್ನೇ ಬರೆಯುತ್ತ ಹೋದರು. 2024ರ ಜುಲೈನಲ್ಲಿ 93ರ ವಯಸ್ಸಿನಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಡರ್ಗ್ ಸರೋವರದ ನಡುವಿನ ದ್ವೀಪವೊಂದರಲ್ಲಿ. ಆ ಸರೋವರದ ದಕ್ಷಿಣದ ತುದಿಯಲ್ಲೇ ಕಿಲ್ಲಲೂ ಇದೆ, ಬ್ರಿಯನ್ ಬೊರುವಿನ ಊರು. ನಕ್ಷೆಯ ಮೇಲೆ ಬೆರಳಿಟ್ಟು ಆ ದೂರ ಅಳೆದಾಗ ನನಗೆ ಕಣ್ಣು ತುಂಬಿತು. ಸಾವಿರ ವರ್ಷ ಕಳೆದರೂ ಆ ಹೆಸರು ತನ್ನ ನೀರಿನ ದಂಡೆಗೇ ಮರಳಿತ್ತು.

ಭಾರತದಲ್ಲೂ ಓಬ್ರಿಯನ್ನರಿದ್ದಾರೆ. ಕೋಲ್ಕತ್ತದ ನೀಲ್ ಓಬ್ರಿಯನ್ 1967ರಲ್ಲಿ ಆ ನಗರದಲ್ಲಿ ಕ್ವಿಜ್ ನಡೆಸಲು ಶುರುಮಾಡಿದವರು, ಮುಂದೆ ಆಂಗ್ಲೋ ಇಂಡಿಯನ್ ಸಮುದಾಯದ ಪರವಾಗಿ ಲೋಕಸಭೆಗೆ ನಾಮನಿರ್ದೇಶನಗೊಂಡರು. ಅವರ ಮಗ ಡೆರೆಕ್ ಓಬ್ರಿಯನ್ ಈಗ ರಾಜ್ಯಸಭೆಯಲ್ಲಿದ್ದಾರೆ. ಅಪ್ಪುವಿಗೆ ಮಾತ್ರ ಅವರು ಬೋರ್ನ್‌ವಿಟಾ ಕ್ವಿಜ್ ನಡೆಸುತ್ತಿದ್ದ ಓಬ್ರಿಯನ್. ಇನ್ನು ಕೆವಿನ್ 2018ರಲ್ಲಿ, ಐರ್ಲೆಂಡ್ ಆಡಿದ ಮೊಟ್ಟಮೊದಲ ಟೆಸ್ಟ್ ಪಂದ್ಯದಲ್ಲೇ ಪಾಕಿಸ್ತಾನದ ಎದುರು ಶತಕ ಹೊಡೆದ, ತನ್ನ ದೇಶದ ಮೊದಲ ಟೆಸ್ಟ್ ಶತಕ. ಅಂದು ರಾತ್ರಿ ಅಪ್ಪು ಹಾಸ್ಟೆಲ್ಲಿನಿಂದ ಫೋನು ಮಾಡಿ ಹೇಳಿದ್ದು ಒಂದೇ ಮಾತು: "ಅತ್ತೆ, ಮೊಮ್ಮಗ ಮತ್ತೆ ಹೊಡೆದ."

ನನಗೆ ಇನ್ನು ಹೆಚ್ಚು ದಿನದ ನೌಕರಿ ಉಳಿದಿಲ್ಲ. ಕಳೆದ ಜೂನ್‌ನಲ್ಲಿ ಎಂಟನೆಯ ತರಗತಿಗೆ ಮಗಳನ್ನು ಸೇರಿಸಲು ಒಬ್ಬರು ಬಂದರು, ಗೌಂಡಿ ಕೆಲಸದವರು, ಅಂಗಿಯ ತೋಳಿಗೆ ಸಿಮೆಂಟು ಅಂಟಿತ್ತು. ಹುಡುಗಿಯ ಕಾಗದಗಳಲ್ಲಿ ಅಡ್ಡಹೆಸರೇ ಇರಲಿಲ್ಲ. ಕೇಳಿದೆ. "ಅಣ್ಣನ ಮಕ್ಕಳಿಗೆ ಬೀದರಿನ ಕಡೆ ಫುಲಾರಿ ಎಂದು ಬರೆದಿದ್ದಾರೆ. ನೀವೇ ಏನಾದರೂ ಬರೆಯಿರಿ ಅಕ್ಕಾ" ಎಂದರು.

"ಮನೆಯಲ್ಲಿ ಏನೆನ್ನುತ್ತಾರೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಸಾಲಿನಲ್ಲಿ ಆರೇಳು ಜನ ನಿಂತಿದ್ದರು. ನಾನು ಪೆನ್ನು ಕೆಳಗಿಟ್ಟು, ಅವ್ವನಿಗೆ ಫೋನು ಮಾಡಿ ಕೇಳಿ ಎಂದೆ. ಅವರು ಬಾಗಿಲ ಹೊರಗೆ ಹೋಗಿ ಮಾತನಾಡಿ ಬಂದರು. ಹುಡುಗಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಹೂಗಾರ ಎನ್ನುತ್ತಾಳೆ ಅವ್ವ. ಊರ ಗುಡಿಗೆ ಹೂವು, ಪತ್ರಿ ಕೊಡುವ ಮನೆಯಂತೆ."

ವಹಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಹುಡುಗಿಯ ಹೆಸರಿನ ಮುಂದೆ ಹೂಗಾರ ಎಂದು ಬರೆದು, ಮೊದಲ ಅಕ್ಷರದ ಕೊಂಬಿನ ದೀರ್ಘವನ್ನು ಪೂರ್ತಿಯಾಗಿ ಎಳೆದೆ. ಹುಡುಗಿ ಮೇಜಿನ ಮೇಲೆ ಬಾಗಿ, ಒಣಗುತ್ತಿದ್ದ ಶಾಯಿಯನ್ನು ಮುಟ್ಟದೆ, ಅಕ್ಷರ ಅಕ್ಷರವಾಗಿ ಓದಿಕೊಂಡಳು.